ಸಾರಿನ ಪುಡಿಗೊಂದು ಅಳತೆ

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಸಾರಿನ ಪುಡಿಯ ಡಬ್ಬಿಗೆ ವಿಶೇಷ ಮರ್ಯಾದೆ. ಊರಿನಿಂದ ಯಾರಾದರೂ ಬರುವರೆಂದು ತಿಳಿದರೆ ಮೊದಲು ಹೇಳಿಕಳಿಸುವುದು ಅದಕ್ಕೇ. ಡಬ್ಬಿ ಬರುತ್ತದೆ, ಬರಿದಾಗುತ್ತದೆ, ಮತ್ತೆ ಕಾಯುತ್ತೇವೆ. ಮಾಡಿ ಕಳಿಸುವ ಕೈ ನಡೆಯುತ್ತಿರುವವರೆಗೆ ಮಾತ್ರ ಅದು ಬಂದೀತು. ಆದುದರಿಂದ ಪುಡಿಯ ಜೊತೆಗೆ ಅದರ ಅಳತೆಯನ್ನೂ ತರಿಸಿಕೊಳ್ಳಬೇಕೆಂದು ನಮ್ಮ ಸೋದರಿಯರಲ್ಲಿ ವಿಜ್ಞಾಪನೆ.

ಮೊದಲು ಮೆಣಸಿನಕಾಯಿಯ ವಿಚಾರ. ಪೋರ್ತುಗೀಜರ ಕಾಲದಲ್ಲಿ ಈ ಕಾಯಿ ಕಡಲು ದಾಟಿ ಬಂದಾಗ ನಮ್ಮವರು ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಸಾರಿನ ಪುಡಿಗೆ ಬೇಕಾದುದು ಬ್ಯಾಡಗಿ: ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು, ಖಾರ ಕಡಮೆ. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮುಂಬಯಿಯವರಿಗೆ ಲಾಲಬಾಗಿನ ಮೆಣಸಿನಕಾಯಿ ಗಲ್ಲಿಯಿದೆ. ಹೈದರಾಬಾದಿನಲ್ಲಿ ಸುಲಭವಾಗಿ ಸಿಗುವ ಗುಂಟೂರು ಕಾಯಿಯನ್ನು ಅದೇ ತೂಕದಲ್ಲಿ ಹಾಕಿದರೆ ಸಾರು ಬಾಯಿಗಿಡಲಾಗದು. ಅದನ್ನು ಅರ್ಧಕ್ಕಿಂತ ಕಡಮೆ ಮಾಡಿ, ಬಣ್ಣಕ್ಕೆ ಕಾಶ್ಮೀರಿ ಕಾಯಿ ಸೇರಿಸಬಹುದು. ದಿಲ್ಲಿಯವರಿಗೂ ಕಾಶ್ಮೀರಿಯೇ ಆಸರೆ.

ನಾಲ್ವರ ಮನೆಗೆ ಒಂದು ತಿಂಗಳಿಗೆ ಸಾಲುವ ಮೈಸೂರು ಕಡೆಯ ಅಳತೆ ಹೀಗಿದೆ: ಕೊತ್ತಂಬರಿ ಬೀಜ ೧೦೦ ಗ್ರಾಂ, ಬ್ಯಾಡಗಿ ೫೦ ಗ್ರಾಂ, ಜೀರಿಗೆ ೨೫ ಗ್ರಾಂ, ಕಾಳುಮೆಣಸು ೧೦ ಗ್ರಾಂ, ಮೆಂತ್ಯ ೨ ಚಮಚ, ಸಾಸಿವೆ ೧ ಚಮಚ, ಕರಿಬೇವು ಒಂದು ಹಿಡಿ, ಅರಿಸಿನ ಅರ್ಧ ಚಮಚ, ಇಂಗು ಕಡಲೆಕಾಳಿನಷ್ಟು.

ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯತಕ್ಕದ್ದು. ಕೊತ್ತಂಬರಿ ಘಮಗುಟ್ಟುವ ಹೊತ್ತಿಗೆ ಜೀರಿಗೆ ಕರಕಾಗಿರುತ್ತದೆ. ಮೆಂತ್ಯ ಹೊಂಬಣ್ಣ ದಾಟಿದರೆ ಇಡೀ ಪುಡಿಯೇ ಕಹಿ. ಮೆಣಸಿನಕಾಯಿಗೆ ಅರ್ಧ ಚಮಚ ಎಣ್ಣೆ ಸವರಿಕೊಂಡರೆ ಘಾಟು ಕಡಮೆ; ಬಾಗಿಲು ಹತ್ತಿರದ ವಠಾರಗಳಲ್ಲಿ ನೆರೆಯವರೂ ಹರಸುತ್ತಾರೆ. ಕರಿಬೇವು ಮುಟ್ಟಿದರೆ ಮುರಿಯುವಷ್ಟು ಗರಿಯಾಗಬೇಕು, ತೇವ ಉಳಿದರೆ ಪುಡಿ ಕೆಡುತ್ತದೆ.

ಎಲ್ಲವೂ ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಪರಿಮಳವೆಲ್ಲ ಬೀಜದೊಳಗಿನ ಹಾರುವ ಎಣ್ಣೆಯಲ್ಲಿದೆ. ಮಿಕ್ಸಿ ಕಾದರೆ ಅದು ಹಾರಿಹೋಗುತ್ತದೆ. ಪುಡಿ ಹಳತಾದಾಗ ಸಪ್ಪೆಯಾಗುವುದೂ ಇದೇ ಕಾರಣದಿಂದ. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಬಣ್ಣ ಮಾಸದಂತೆ ಕತ್ತಲೆಯ ಕಪಾಟಿನಲ್ಲಿಡಿರಿ. ಕಡಲತೀರದ ಊರುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ತಿಂಗಳಿಗಾಗುವಷ್ಟೇ ಮಾಡಿಕೊಳ್ಳುವುದು ಲೇಸು. ಒದ್ದೆ ಚಮಚ ಸೋಕಬಾರದು.

ನಮ್ಮ ಸಂಘದ ಮನೆಗಳೆಲ್ಲವೂ ಮೈಸೂರಿನವಲ್ಲ. ಕರಾವಳಿಯವರು ತೆಂಗಿನೆಣ್ಣೆಯಲ್ಲಿ ಹುರಿದ ಮಸಾಲೆಯನ್ನು ಹಸಿ ತೆಂಗಿನಕಾಯಿಯೊಡನೆ ಆಗಿಂದಾಗ ಅರೆಯುತ್ತಾರೆ. ಉತ್ತರ ಕರ್ನಾಟಕದವರ ಮಸಾಲೆ ಖಾರಕ್ಕೆ ಒಣಕೊಬ್ಬರಿ, ಬೆಳ್ಳುಳ್ಳಿ, ಈರುಳ್ಳಿ ಸೇರುತ್ತವೆ. ಹುಳಿ ಪುಡಿಯೆಂದರೆ ಕಡಲೆಬೇಳೆ, ಉದ್ದಿನಬೇಳೆ, ಚಕ್ಕೆ. ಒಂದೇ ಊರಿನ ಎರಡು ಮನೆಗಳ ಪುಡಿ ಒಂದೇ ರುಚಿಯಿರುವುದಿಲ್ಲ. ಮೇಲಿನ ಅಳತೆ ಆರಂಭಕ್ಕೆ ಮಾತ್ರ ಸಾಕು. ನಿಮ್ಮ ಮನೆಯದು ನಿಮ್ಮ ತಾಯಿಯ ಅಥವಾ ಅತ್ತೆಯ ಕೈಯಲ್ಲಿದೆ.

ಕೇಳಿದರೆ ಆ ಹಿರಿಯರು “ಒಂದು ಹಿಡಿ, ಕಣ್ಣಂದಾಜು” ಎನ್ನುವರು. ಅವರ ಹಿಡಿ ನಮ್ಮ ಹಿಡಿಯಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಪುಟ್ಟ ತಕ್ಕಡಿಯೊಂದನ್ನು ಒಯ್ಯಿರಿ. ಅವರು ಬಾಣಲೆಗೆ ಹಾಕುವ ಮುನ್ನ ಪ್ರತಿ ಹಿಡಿಯನ್ನೂ ತೂಗಿರಿ. ಎಷ್ಟು ಹೊತ್ತು ಹುರಿದರು, ಯಾವ ಬಣ್ಣಕ್ಕೆ ಇಳಿಸಿದರು ಎಂಬುದನ್ನು ಗುರುತುಮಾಡಿರಿ. ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ, ಕನ್ನಡದಲ್ಲೇ ಬರೆಸಿರಿ. ಕೊತ್ತಂಬರಿ, ಜೀರಿಗೆ, ಮೆಂತ್ಯ ಎಂದು ಬರೆಯುತ್ತ ಅಕ್ಷರವೂ ಕೈಗೆ ಹತ್ತುತ್ತದೆ. ಆ ಹಾಳೆಯನ್ನು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿಟ್ಟರೆ, ಮುಂದೆ ಡಬ್ಬಿ ಬರಿದಾದಾಗ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.