ಕೇಳದೆ ಬಂದ ಕ್ರೆಡಿಟ್ ಕಾರ್ಡ್: ಸಹಿ ಹಾಕುವ ಮುನ್ನ



ಹಾಲಿನ ಬಟವಾಡೆ ಈಗ ನಿಮ್ಮದೇ ಬ್ಯಾಂಕ್ ಖಾತೆಗೆ ಬರುತ್ತದೆ. ಅದರ ಜೊತೆಗೆ ‘ನಿಮಗೆ ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ’ ಎಂಬ ಪತ್ರಗಳೂ ಅಂಚೆಯಲ್ಲಿ ಬರುತ್ತಿವೆ. ಚಿಕಿತ್ಸೆಗೆ ಊರಿಗೆ ಬಂದಾಗ ಲಕೋಟೆ ತೋರಿಸಿ, ‘ಇದು ಹಸುವಿನ ಸಾಲದ ಕಾರ್ಡೇ ಡಾಕ್ಟ್ರೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಹೆಸರು ಒಂದೇ ಥರ ಇದ್ದರೂ ಎರಡೂ ಬೇರೆ ಬೇರೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018–19ರಲ್ಲಿ ಹೈನುಗಾರಿಕೆಗೂ ವಿಸ್ತರಿಸಲಾಯಿತು. ಇದು ಮೇವು, ಹಿಂಡಿ, ಔಷಧದಂಥ ಖರ್ಚಿಗೆ. ಅರ್ಜಿ ಹಾಕಿದವರಿಗಷ್ಟೇ ಸಿಗುತ್ತದೆ, ತಾನಾಗಿ ಮನೆಗೆ ಬರುವುದಿಲ್ಲ. 2 ಲಕ್ಷ ರೂಪಾಯಿವರೆಗೆ ವರ್ಷಕ್ಕೆ ಶೇ. 7 ಬಡ್ಡಿ, ಸಕಾಲಕ್ಕೆ ಕಟ್ಟಿದರೆ ಶೇ. 4 ಮಾತ್ರ.

ಅಂಚೆಯಲ್ಲಿ ಬರುವ ಕಾರ್ಡಿನ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಬರೆದಿರುತ್ತಾರೆ. ‘ತಿಂಗಳಿಗೆ ಶೇ. 3.5’ ಎಂದರೆ ವರ್ಷಕ್ಕೆ ಶೇ. 42. ಅದರಿಂದ 20,000 ರೂಪಾಯಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಶುರು, ತಿಂಗಳಿಗೆ 700 ರೂಪಾಯಿ. ಶುಲ್ಕ ಬೇರೆ. ಲೀಟರಿಗೆ 5 ರೂಪಾಯಿಯಂತೆ 140 ಲೀಟರಿನ ಪ್ರೋತ್ಸಾಹಧನ ಅಲ್ಲಿಗೇ ಹೋಯಿತು. ಎರಡು ತಿಂಗಳ ಈ ಬಡ್ಡಿ 1,400 ರೂಪಾಯಿ. ಕಿಸಾನ್ ಕಾರ್ಡಿನಲ್ಲಿ ಅಷ್ಟೇ ಹಣಕ್ಕೆ ಶೇ. 7ರಂತೆ ಇಡೀ ವರ್ಷದ ಬಡ್ಡಿಯೇ ಅಷ್ಟು. ಬಿಲ್ಲಿನಲ್ಲಿರುವ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತಾ ಹೋದರೆ ಅಸಲು ಕರಗುವುದೇ ಕಷ್ಟ.

ಹೀಗೆ ಮಾಡಿ:

1. ಬರೀ ಪತ್ರ ಬಂದಿದ್ದರೆ ಸಹಿ ಮಾಡಬೇಡಿ. ಹೆಸರು, ವಿಳಾಸ ಓದಲಾಗದಂತೆ ಹರಿದು ಹಾಕಿ.

2. ಕಾರ್ಡೇ ಬಂದಿದ್ದರೆ ಬಳಸಬೇಡಿ. ಮೊಬೈಲಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿ. ‘ಬೇಡ’ ಎಂದು ಬ್ಯಾಂಕಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

3. ರಿಸರ್ವ್ ಬ್ಯಾಂಕಿನ ನಿಯಮದಂತೆ, ಕೇಳದವರಿಗೆ ಕಾರ್ಡ್ ಕೊಡುವಂತಿಲ್ಲ. ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಬಿಲ್ ಹಾಕಿದರೆ ಆ ಮೊತ್ತ ರದ್ದು ಮಾಡಿ, ಅದರ ಎರಡರಷ್ಟು ದಂಡವನ್ನು ನಿಮಗೆ ಕೊಡಬೇಕು. ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ.

4. ಮೋಸದಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಹಸು ಕಾಯಿಲೆ ಬಿದ್ದಾಗ ಹಣ ತುರ್ತಾಗಿ ಬೇಕಾಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಸಿಕ್ಕ ಕಾರ್ಡಿಗೆ ಮೊರೆ ಹೋಗುವಂತಾಗಬಾರದು. ಹಸು ಚೆನ್ನಾಗಿರುವಾಗಲೇ ಕಿಸಾನ್ ಕಾರ್ಡಿಗೆ ಅರ್ಜಿ ಹಾಕಿಡಿ. ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಅಥವಾ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ.