ಮುಟ್ಟು ನಿಂತ ಮೇಲೆ ಹಾರ್ಮೋನ್: ಮಾತ್ರೆಯೋ, ಪ್ಯಾಚೋ, ಜೆಲ್ಲೋ?

ಮುಟ್ಟು ನಿಂತು ವರ್ಷ ಕಳೆದರೂ ಇದ್ದಕ್ಕಿದ್ದಂತೆ ಮುಖ, ಕುತ್ತಿಗೆಗೆ ಬಿಸಿ ಏರುತ್ತದೆ. ರಾತ್ರಿ ಬೆವರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. 'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಸಹಿಸಿಕೊಳ್ಳುವವರೇ ಹೆಚ್ಚು. ವೈದ್ಯರು ಹಾರ್ಮೋನ್ ಚಿಕಿತ್ಸೆ ಸೂಚಿಸಿದರಂತೂ ಮೊದಲ ಪ್ರಶ್ನೆ, 'ಕ್ಯಾನ್ಸರ್ ಬರುವುದಿಲ್ಲವೇ?' ಕೇಳಲೇಬೇಕಾದ ಪ್ರಶ್ನೆ. ಜೊತೆಗೆ, ಹಾರ್ಮೋನನ್ನು ಯಾವ ರೂಪದಲ್ಲಿ ಕೊಡುತ್ತೀರಿ ಎಂದೂ ಕೇಳಿ.

ಈ ಭಯ ಹರಡಿದ್ದು 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೇ ನಿಲ್ಲಿಸಲಾದ ದೊಡ್ಡ ಅಧ್ಯಯನದಿಂದ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೋಜನ್ ಸೇರಿದ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ತುಸು ಹೆಚ್ಚಾಗಿ ಕಂಡಿತ್ತು. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು 63. ಅರುವತ್ತರೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸುವ ಆರೋಗ್ಯವಂತರಲ್ಲಿ, ತೊಂದರೆ ತೀವ್ರವಾಗಿದ್ದರೆ, ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂಬುದು ಇಂದಿನ ತಜ್ಞರ ಅಭಿಪ್ರಾಯ.

ಮಾತ್ರೆ ಸುಲಭ. ದಿನಕ್ಕೊಂದು ನುಂಗಿದರಾಯಿತು, ರಮಝಾನಿನಲ್ಲಿ ಇಫ್ತಾರಿನ ಬಳಿಕ ತೆಗೆದುಕೊಳ್ಳಬಹುದು. ಆದರೆ ನುಂಗಿದ ಈಸ್ಟ್ರೋಜನ್ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನೂ ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್ ಮೊದಲು ರಕ್ತಕ್ಕೆ ಸೇರುವುದರಿಂದ, ಸಾಮಾನ್ಯ ಪ್ರಮಾಣದಲ್ಲಿ ಬಳಸಿದಾಗ ಹೆಪ್ಪುಗಟ್ಟುವ ಅಪಾಯ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ದಪ್ಪ ಮೈಯವರಿಗೆ, ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಈ ದಾರಿಯೇ ಲೇಸು. ಸ್ತನ ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಚರ್ಮದ ದಾರಿ ಹಿಡಿದರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ.

ಪ್ಯಾಚನ್ನು ಸೊಂಟದ ಕೆಳಗೆ ಅಂಟಿಸಿ, ವಾರಕ್ಕೆ ಒಂದೋ ಎರಡೋ ಬಾರಿ ಬದಲಿಸಬೇಕು. ಸ್ತನದ ಮೇಲೆ ಹಚ್ಚಬಾರದು. ನಮ್ಮ ಕರಾವಳಿಯ ಸೆಕೆ, ಬೆವರಿಗೆ ಅದು ಕಿತ್ತು ಬರುವುದುಂಟು, ಕೆಲವರಿಗೆ ತುರಿಕೆಯೂ ಆಗುತ್ತದೆ. ಅಂಥವರಿಗೆ ಜೆಲ್ ಒಗ್ಗೀತು. ದಿನಾ ಹಚ್ಚಿ, ಒಣಗಲು ಬಿಟ್ಟು, ಸುಮಾರು ಒಂದು ಗಂಟೆ ನೀರು ತಾಗಿಸಬಾರದು. ವುಝೂ ಮಾಡುವವರು ಕೈಗೆ ಹಚ್ಚುವ ಬದಲು ತೊಡೆಗೆ ಹಚ್ಚಬಹುದೇ ಎಂದು ಕೇಳಿಕೊಳ್ಳಿ. ಇಶಾ ನಮಾಝಿನ ನಂತರ ಹಚ್ಚಿದರೆ ತಾಪತ್ರಯವೇ ಇಲ್ಲ. ಹಚ್ಚಿದ ಜಾಗ ಮೊಮ್ಮಕ್ಕಳ ಮೈಗೆ ತಾಗದಿರಲಿ, ಕೈಯನ್ನು ಚೆನ್ನಾಗಿ ತೊಳೆಯಿರಿ.

ಯಾವ ದಾರಿ ಹಿಡಿದರೂ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜನ್ ಕೂಡ ಬೇಕು. ಬರೀ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸಿ ಕ್ಯಾನ್ಸರಿಗೆ ದಾರಿ ಮಾಡೀತು. ಪ್ರೊಜೆಸ್ಟರಾನ್ ಕ್ಯಾಪ್ಸೂಲನ್ನು ಮಲಗುವಾಗ ನುಂಗಿ, ಅದು ನಿದ್ದೆ ತರಿಸುತ್ತದೆ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು.

ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಆದವರು, ಯಕೃತ್ತಿನ ಕಾಯಿಲೆ ಇರುವವರು ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಇವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಕೊಡುವುದಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮೊದಲು ಅದರ ಕಾರಣ ತಿಳಿಯಬೇಕು.

ಇನ್ನು, ಹೇಳಿಕೊಳ್ಳಲು ಹೆಚ್ಚಿನವರು ನಾಚುವ ತೊಂದರೆಯೊಂದಿದೆ. ಗುಪ್ತಾಂಗ ಒಣಗುವುದು, ಉರಿ, ಸಂಸರ್ಗದಲ್ಲಿ ನೋವು, ಪದೇಪದೇ ಉರಿಮೂತ್ರ. ಇಷ್ಟೇ ಇದ್ದರೆ ಮಾತ್ರೆ, ಪ್ಯಾಚುಗಳ ಗೊಡವೆಯೇ ಬೇಡ. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಿಗುತ್ತದೆ. ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾದ್ದರಿಂದ ಜೊತೆಗೆ ಪ್ರೊಜೆಸ್ಟೋಜನ್ ಬೇಕಾಗುವುದಿಲ್ಲ. ಪರಿಣಾಮ ತಿಳಿಯಲು ಕೆಲವು ವಾರಗಳೇ ಹಿಡಿಯುತ್ತವೆ, ಎಂಟು ದಿನ ನೋಡಿ ಬಿಟ್ಟುಬಿಡಬೇಡಿ.