ಸಣ್ಣ ಉದ್ದಿಮೆಗಳಿಗೆ ಅಂತರಜಾಲ ಮಾರುಕಟ್ಟೆ: ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಸಂಚರಿಸಿದವರಿಗೆಲ್ಲ ಚನ್ನಪಟ್ಟಣದ ರಸ್ತೆಬದಿಯ ಬೊಂಬೆ ಅಂಗಡಿಗಳು ಚಿರಪರಿಚಿತ. ವಾಹನ ನಿಲ್ಲಿಸಿ, ಕಾಫಿ ಕುಡಿದು, ಮಕ್ಕಳಿಗೊಂದು ಬೊಂಬೆ ಕೊಂಡು ಮುಂದೆ ಸಾಗುವುದು ಅನೇಕ ಕುಟುಂಬಗಳ ರೂಢಿಯಾಗಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿಯು ಪಟ್ಟಣವನ್ನು ಪ್ರವೇಶಿಸದೆ ಹೊರವಲಯದಲ್ಲಿ ಹಾದುಹೋಗುತ್ತದೆ. ಇದರಿಂದ ಪ್ರಯಾಣಿಕರಿಗೆ ಸಮಯದ ಉಳಿತಾಯವಾಯಿತು. ದಾರಿಹೋಕರನ್ನೇ ನಂಬಿದ್ದ ಅಂಗಡಿಗಳ ವ್ಯಾಪಾರವು ಕುಗ್ಗಿತು. ಬೊಂಬೆಯ ಗುಣಮಟ್ಟವಾಗಲಿ, ಕುಶಲಕರ್ಮಿಯ ಕೈಚಳಕವಾಗಲಿ ಕಡಿಮೆಯಾಗಿರಲಿಲ್ಲ. ಗಿರಾಕಿ ಬರುವ ದಾರಿ ಮಾತ್ರ ಬದಲಾಗಿತ್ತು.

ಇಂತಹ ಸನ್ನಿವೇಶವು ಯಾವ ಸಣ್ಣ ಉದ್ದಿಮೆಗಾದರೂ ಎದುರಾಗಬಹುದು. ಗಿರಾಕಿಯು ಬಾಗಿಲಿಗೆ ಬಾರದಿದ್ದಾಗ ಆತನನ್ನು ತಲುಪಲು ಅಂತರಜಾಲವು ಇನ್ನೊಂದು ದಾರಿಯಾಗಿದೆ. ಆದರೆ ಈ ದಾರಿಗೂ ಖರ್ಚು, ನಿಯಮ ಹಾಗೂ ಅಪಾಯಗಳಿವೆ. ಅವುಗಳನ್ನು ಅರಿತು ಮುಂದುವರಿಯಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಮೊದಲ ಹೆಜ್ಜೆ: ಹುಡುಕುವವರಿಗೆ ಸಿಗುವಂತಿರುವುದು

ಹಣ ನೀಡಿ ಜಾಹೀರಾತು ಕೊಡುವ ಮುನ್ನ ಉಚಿತವಾಗಿ ದೊರೆಯುವ ಸೌಲಭ್ಯಗಳನ್ನು ಬಳಸಿಕೊಳ್ಳುವುದು ಲೇಸು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ತೆರೆದಿರುವ ವೇಳೆ ಹಾಗೂ ವಾರದ ರಜೆಯನ್ನು ಶುಲ್ಕವಿಲ್ಲದೆ ನಮೂದಿಸಬಹುದು. ಮಾಲೀಕರೆಂದು ದೃಢೀಕರಿಸಿದ ಬಳಿಕ ಅಂಗಡಿಯು ನಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೊಸ ಹೆದ್ದಾರಿಯಲ್ಲಿ ಸಾಗುವ ಪ್ರಯಾಣಿಕರು ಪಟ್ಟಣದತ್ತ ತಿರುಗಬೇಕಾದರೆ ಅಂಗಡಿ ಎಲ್ಲಿದೆ, ಈಗ ತೆರೆದಿದೆಯೇ ಎಂಬುದು ಅವರಿಗೆ ಮೊಬೈಲಿನಲ್ಲೇ ತಿಳಿಯಬೇಕು. ವೇಳೆಯನ್ನು ತಪ್ಪಾಗಿ ನಮೂದಿಸಿದ್ದು ಗಿರಾಕಿಯು ಮುಚ್ಚಿದ ಬಾಗಿಲು ಕಂಡು ಹಿಂದಿರುಗಿದಲ್ಲಿ, ಆತ ಮತ್ತೆ ಬರುವುದು ಅಪರೂಪ.

ಹೆಸರನ್ನು ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲೂ ಒಂದೇ ರೀತಿಯ ಕಾಗುಣಿತದಲ್ಲಿ ಎಲ್ಲೆಡೆ ಬಳಸತಕ್ಕದ್ದು. ಫಲಕದಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು, ಅಂತರಜಾಲದಲ್ಲಿ ಮತ್ತೊಂದು ಇದ್ದಲ್ಲಿ ಗಿರಾಕಿಗೆ ಸಂಶಯ ಮೂಡುತ್ತದೆ.

2. ಚಿತ್ರ ಮತ್ತು ವಿವರಣೆ

ಅಂಗಡಿಯಲ್ಲಿ ಗಿರಾಕಿಯು ವಸ್ತುವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಅಂತರಜಾಲದಲ್ಲಿ ಆ ಕೆಲಸವನ್ನು ಚಿತ್ರ ಮತ್ತು ವಿವರಣೆಗಳೇ ಮಾಡಬೇಕು. ಹಗಲು ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲಿಟ್ಟು ತೆಗೆದ ನಾಲ್ಕೈದು ಛಾಯಾಚಿತ್ರಗಳು ಸಾಕು. ಅಳತೆಯನ್ನು ಸೆಂಟಿಮೀಟರಿನಲ್ಲಿ, ತೂಕವನ್ನು ಗ್ರಾಮಿನಲ್ಲಿ ತಿಳಿಸುವುದು. ಕೈಯಿಂದ ಮಾಡಿದ ವಸ್ತುವಿನ ಬಣ್ಣದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದೆಂಬುದನ್ನು ಮೊದಲೇ ಬರೆದಿಟ್ಟರೆ, ಅದೇ ಕಾರಣಕ್ಕೆ ವಸ್ತು ಹಿಂದಿರುಗುವುದು ತಪ್ಪುತ್ತದೆ.

ಹಾಲೆಮರದ ತುಂಡನ್ನು ಲೇತ್ ಯಂತ್ರಕ್ಕೆ ಕಟ್ಟಿ, ಉಳಿಯಿಂದ ಆಕಾರ ಕೊಟ್ಟು, ತಿರುಗುವ ಬೊಂಬೆಗೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ ಅದು ಕರಗಿ ಅಂಟಿಕೊಳ್ಳುವ ದೃಶ್ಯವನ್ನು ಅರ್ಧ ನಿಮಿಷದಲ್ಲಿ ಚಿತ್ರೀಕರಿಸಬಹುದು. ಇಂತಹ ದೃಶ್ಯವು ಎಷ್ಟೋ ಹೊಗಳಿಕೆಯ ಮಾತುಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ರಕ್ಷಣೆ ಇರುತ್ತದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಅದನ್ನು ವಿವರಣೆಯಲ್ಲಿ ತಪ್ಪದೆ ತಿಳಿಸುವುದು.

3. ಲಾಭದ ಲೆಕ್ಕ

ದೊಡ್ಡ ಮಾರಾಟ ತಾಣಗಳಲ್ಲಿ ವಸ್ತುವನ್ನು ಇಟ್ಟ ಕೂಡಲೇ ಲಾಭ ಬರುವುದೆಂಬ ಭಾವನೆ ಸರಿಯಲ್ಲ. ಕೆಳಕಂಡ ಲೆಕ್ಕವು ಕೇವಲ ಉದಾಹರಣೆಗಾಗಿ ಊಹಿಸಿದ್ದು, ತೆರಿಗೆಯನ್ನು ಇದರಲ್ಲಿ ಸೇರಿಸಿರುವುದಿಲ್ಲ.

ಮಾರಾಟ ಬೆಲೆ: ರೂ. 600
ತಯಾರಿಕೆಯ ವೆಚ್ಚ (ಮರ, ಅರಗು, ಕೂಲಿ): ರೂ. 300
ಪೆಟ್ಟಿಗೆ ಮತ್ತು ಪ್ಯಾಕಿಂಗ್: ರೂ. 30
ಕೊರಿಯರ್: ರೂ. 90
ತಾಣದ ಕಮಿಷನ್ (ಶೇಕಡ 15): ರೂ. 90
ಜಾಹೀರಾತು: ರೂ. 30
ಉಳಿಕೆ: ರೂ. 60

ಹತ್ತು ಬೇಡಿಕೆಗಳಲ್ಲಿ ಒಂದು ಹಿಂದಿರುಗಿತು ಎಂದುಕೊಳ್ಳೋಣ. ಕಮಿಷನ್ ಮರಳಿ ಬಂದು ಬೊಂಬೆಯು ಸುಸ್ಥಿತಿಯಲ್ಲಿದ್ದರೂ ಹೋಗಿ ಬರುವ ಕೊರಿಯರ್ ರೂ. 180, ಪ್ಯಾಕಿಂಗ್ ರೂ. 30, ಜಾಹೀರಾತು ರೂ. 30, ಒಟ್ಟು ರೂ. 240 ನಷ್ಟ. ಒಂಬತ್ತು ಮಾರಾಟಗಳ ಉಳಿಕೆ ರೂ. 540ರಲ್ಲಿ ಇದನ್ನು ಕಳೆದರೆ ಕೈಗೆ ಬರುವುದು ರೂ. 300. ಅಂದರೆ ಪ್ರತಿ ಬೇಡಿಕೆಗೆ ರೂ. 60ರ ಬದಲು ರೂ. 30 ಮಾತ್ರ. ಒಂದೇ ಒಂದು ವಾಪಸಾತಿಯಿಂದ ಲಾಭವು ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಸರಿಯಾದ ಅಳತೆ, ನಿಜವಾದ ಬಣ್ಣ ಮತ್ತು ಭದ್ರವಾದ ಪ್ಯಾಕಿಂಗ್ ಇವೇ ಅತ್ಯಂತ ಲಾಭದಾಯಕ ಪ್ರಚಾರವೆಂದು ತಿಳಿಯುವುದು.

ಕೊರಿಯರ್ ದರವನ್ನು ಕೇವಲ ತೂಕದ ಮೇಲೆ ನಿಗದಿಪಡಿಸುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಅನೇಕ ಸಂಸ್ಥೆಗಳು ಕಿಲೋಗ್ರಾಂ ಎಂದು ಪರಿಗಣಿಸಿ, ಎರಡರಲ್ಲಿ ಹೆಚ್ಚಿನದಕ್ಕೆ ದರ ವಿಧಿಸುತ್ತವೆ. 30×25×20 ಅಳತೆಯ ಪೆಟ್ಟಿಗೆಯ ಲೆಕ್ಕದ ತೂಕ 3 ಕಿಲೋ. ಒಳಗಿನ ಬೊಂಬೆ ಒಂದು ಕಿಲೋ ಇದ್ದರೂ ಮೂರು ಕಿಲೋದ ದರ ತೆರಬೇಕಾಗುತ್ತದೆ. ಬೊಂಬೆಗೆ ತಕ್ಕ ಅಳತೆಯ ಪೆಟ್ಟಿಗೆಯನ್ನು ಮಾಡಿಸುವುದು ಉಳಿತಾಯದ ಸುಲಭ ಮಾರ್ಗ.

4. ಸ್ವಂತ ಗಿರಾಕಿಗಳ ಪಟ್ಟಿ

ಮೇಲ್ಕಂಡ ಬೊಂಬೆಯನ್ನೇ ಹಳೆಯ ಗಿರಾಕಿಯೊಬ್ಬರು ವಾಟ್ಸ್‌ಆಪ್ ಮೂಲಕ ನೇರವಾಗಿ ತರಿಸಿಕೊಂಡಲ್ಲಿ ಕಮಿಷನ್ ಹಾಗೂ ಜಾಹೀರಾತಿನ ವೆಚ್ಚವಿರದೆ ರೂ. 180 ಉಳಿಯುತ್ತದೆ. ವಾಟ್ಸ್‌ಆಪ್ ಬಿಸಿನೆಸ್ ಆಪ್‌ನಲ್ಲಿ ವಸ್ತುಗಳ ಚಿತ್ರ ಮತ್ತು ಬೆಲೆಯ ಪಟ್ಟಿಯನ್ನು ಉಚಿತವಾಗಿ ಇಡಬಹುದಾಗಿದೆ. ಅಂಗಡಿಗೆ ಬಂದವರಿಂದ, ಮೇಳಗಳಲ್ಲಿ ಕೊಂಡವರಿಂದ, ಶಾಲೆಗಳಿಂದ ಅವರ ಒಪ್ಪಿಗೆ ಪಡೆದು ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು. ದಸರಾ ಬೊಂಬೆ ಕೂರಿಸುವ ಕಾಲಕ್ಕೆ, ಶಾಲಾ ಆರಂಭದ ಕಾಲಕ್ಕೆ ಒಂದೊಂದು ಸಂದೇಶ ಸಾಕು. ದಿನವೂ ಕಳುಹಿಸಿದಲ್ಲಿ ಗಿರಾಕಿಯು ಬೇಸತ್ತು ನಿರ್ಬಂಧಿಸುತ್ತಾರೆ. ಮಾರಾಟ ತಾಣದಿಂದ ದೊರೆತ ಗಿರಾಕಿಗಳ ವಿವರಗಳನ್ನು ಆ ತಾಣದ ನಿಯಮಗಳಿಗೆ ವಿರುದ್ಧವಾಗಿ ಬಳಸತಕ್ಕದ್ದಲ್ಲ.

ಈ ಪಟ್ಟಿಯು ಏಕೆ ಮುಖ್ಯವೆಂದರೆ, ಅನ್ಯರ ತಾಣದಲ್ಲಿನ ಅಂಗಡಿಯು ಬಾಡಿಗೆ ಜಾಗವಿದ್ದಂತೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಮಾತ್ರ ಪ್ರಚಾರ ಮಾಡುತ್ತಿದ್ದವರು ತಮ್ಮ ವೀಕ್ಷಕರನ್ನು ಕಳೆದುಕೊಂಡರು. ಬಿಸಿನೆಸ್ ಪ್ರೊಫೈಲ್ ಮೂಲಕ ರಚಿಸಿದ್ದ ಉಚಿತ ಜಾಲತಾಣಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹೆದ್ದಾರಿಯಂತೆಯೇ ಅಂತರಜಾಲದ ದಾರಿಯೂ ಬದಲಾಗಬಲ್ಲದು. ಸ್ವಂತ ಹೆಸರಿನ ಜಾಲತಾಣ ವಿಳಾಸ ಹಾಗೂ ಗಿರಾಕಿಗಳ ಪಟ್ಟಿ ಮಾತ್ರ ಉದ್ದಿಮೆದಾರರ ಕೈಯಲ್ಲೇ ಉಳಿಯುತ್ತವೆ.

5. ನೋಂದಣಿ, ತೆರಿಗೆ ಮತ್ತು ನಿಯಮಗಳು

ಅ) ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯು ಸಂಪೂರ್ಣ ಉಚಿತ. ಸ್ವಯಂ ಘೋಷಣೆಯ ಆಧಾರದ ಮೇಲೆ ಮಾಡಲಾಗುವುದರಿಂದ ದಾಖಲೆಗಳನ್ನು ಸಲ್ಲಿಸುವ ಅಗತ್ಯವಿಲ್ಲ. ಶುಲ್ಕ ಕೇಳುವ ಖಾಸಗಿ ತಾಣಗಳ ಬಗ್ಗೆ ಎಚ್ಚರ ವಹಿಸುವುದು.

ಆ) ಸರಕು ಮತ್ತು ಸೇವಾ ತೆರಿಗೆ: ಮಿತಿಗಿಂತ ಕಡಿಮೆ ವಹಿವಾಟಿನ, ನೋಂದಣಿಯಾಗದ ವ್ಯಾಪಾರಿಗಳು ರಾಜ್ಯದೊಳಗೆ ಮಾರಾಟ ತಾಣಗಳ ಮೂಲಕ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಷರತ್ತುಗಳೊಂದಿಗೆ ಅವಕಾಶವಿದೆ. ಇದಕ್ಕೆ ತೆರಿಗೆ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು. ತಾಣಗಳ ಮೂಲಕ ಹೊರರಾಜ್ಯಗಳಿಗೆ ಮಾರಲು ಸಾಮಾನ್ಯವಾಗಿ ನೋಂದಣಿ ಅಗತ್ಯ. ನೋಂದಾಯಿತರ ಮಾರಾಟದ ಮೇಲೆ ತಾಣವು ಸಂಗ್ರಹಿಸುವ ತೆರಿಗೆಯು 2024ರ ಜುಲೈ 10ರಿಂದ ಶೇಕಡ 0.5ಕ್ಕೆ ಇಳಿದಿದೆ. ಇದು ನಷ್ಟವಲ್ಲ, ತಮ್ಮ ಖಾತೆಗೆ ಜಮೆಯಾಗುವ ಮೊತ್ತವಾದ್ದರಿಂದ ಮರೆಯದೆ ಪಡೆದುಕೊಳ್ಳುವುದು.

ಇ) ಆಟಿಕೆಗಳ ಗುಣಮಟ್ಟ: 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ಹಾಗೂ ಭೌಗೋಳಿಕ ಸೂಚ್ಯಂಕದ ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ನೀಡಲಾಗಿದೆ. ನೋಂದಣಿ ಪತ್ರವಿಲ್ಲದೆ ಈ ವಿನಾಯಿತಿಯನ್ನು ಕೇಳಲಾಗದು.

ಈ) ಗ್ರಾಹಕರ ರಕ್ಷಣೆ: ಇ-ವಾಣಿಜ್ಯಕ್ಕೆ ಸಂಬಂಧಿಸಿದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಒಟ್ಟು ಬೆಲೆ ಮತ್ತು ವಾಪಸಾತಿಯ ಷರತ್ತುಗಳನ್ನು ಸ್ಪಷ್ಟವಾಗಿ ತಿಳಿಸಬೇಕು. ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ವಿಮರ್ಶೆ ಬರೆಯುವುದನ್ನು ನಿಷೇಧಿಸಲಾಗಿದೆ.

6. ಹಣ ಪಾವತಿ ಮತ್ತು ಎಚ್ಚರಿಕೆ

ವ್ಯಾಪಾರದ ಹಣ ಹಾಗೂ ಮನೆಯ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಗಳಿರಲಿ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ, ಸಾಲ, ಕೈಗಡ ಮತ್ತು ಮಾರಾಟದ ಹಣ ಒಂದೇ ಖಾತೆಯಲ್ಲಿದ್ದವರಿಗೆ ವಿವರಣೆ ನೀಡುವುದು ಕಷ್ಟವಾಯಿತು. ದಿನದ ಮಾರಾಟವನ್ನು ಒಂದು ಪುಸ್ತಕದಲ್ಲಾದರೂ ಬರೆದಿಡುವುದು.

ಹಣ ಸ್ವೀಕರಿಸಲು ಪಿನ್ ಸಂಖ್ಯೆಯನ್ನು ನಮೂದಿಸುವ ಅಗತ್ಯ ಎಂದಿಗೂ ಇರುವುದಿಲ್ಲ. ದೊಡ್ಡ ಬೇಡಿಕೆಯ ಆಸೆ ತೋರಿಸಿ ಕ್ಯೂಆರ್ ಸಂಕೇತ ಕಳುಹಿಸಿ ಪಿನ್ ಒತ್ತಲು ಹೇಳುವವರು ವಂಚಕರು. ಹಣ ಪಾವತಿಯಾದ ಚಿತ್ರವನ್ನು ನಂಬಿ ಸರಕು ಕಳುಹಿಸದೆ, ಖಾತೆಯಲ್ಲಿ ಜಮೆಯಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ವಂಚನೆಗೆ ಒಳಗಾದಲ್ಲಿ ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು; ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಉಪಸಂಹಾರ

ಎಲ್ಲವನ್ನೂ ಒಮ್ಮೆಗೇ ಆರಂಭಿಸುವ ಅಗತ್ಯವಿಲ್ಲ. ಮೊದಲ ತಿಂಗಳಲ್ಲಿ ನಕ್ಷೆಯ ನಮೂದು ಮತ್ತು ಉದ್ಯಮ್ ನೋಂದಣಿ, ಎರಡನೆಯ ತಿಂಗಳಲ್ಲಿ ಹತ್ತು ವಸ್ತುಗಳ ಚಿತ್ರ ಹಾಗೂ ಬೆಲೆಪಟ್ಟಿ, ಮೂರನೆಯ ತಿಂಗಳಲ್ಲಿ ಒಂದು ಮಾರಾಟ ತಾಣ. ಈ ಕ್ರಮದಲ್ಲಿ ಮುಂದುವರಿದು, ಪ್ರತಿ ತಿಂಗಳ ಕೊನೆಯಲ್ಲಿ ಬೇಡಿಕೆ, ವಾಪಸಾತಿ ಮತ್ತು ಉಳಿಕೆಗಳನ್ನು ಲೆಕ್ಕ ಹಾಕಿ ನೋಡುವುದು ಸೂಕ್ತ. ಹೆಚ್ಚಿನ ಮಾರ್ಗದರ್ಶನಕ್ಕಾಗಿ ತಮ್ಮ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ. ಸಣ್ಣ ಉದ್ದಿಮೆದಾರರು ಹಾಗೂ ಕುಶಲಕರ್ಮಿಗಳು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.